ಒಂದು ದುಂಡು ಕಂಬ, ಒಂದು ಚೌಕ ಕಂಬ

ಮಧ್ಯಾಹ್ನ ಮೂರು ಗಂಟೆಗೆ ಬಡಗಿ ಚನಿಯಪ್ಪ ಕೊನೆಯ ಮೊಳೆ ಹೊಡೆದು, ಶಾಲೆಯ ಮೈದಾನದ ರಂಗದಿಂದ ಇಳಿದು, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತ. ನಾನು ಹೊಗಳಿಕೆಗೆ ಕಾದೆ. ಹದಿನೆಂಟು ದಿನ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಬಣ್ಣ ಹಚ್ಚಿದವಳಿಗೆ ಅಷ್ಟು ಆಸೆ ತಪ್ಪಲ್ಲ.

"ಟೀಚರೇ, ಇದು ಶೇಖರ ಶೆಟ್ರ ಮನೆ ಅಲ್ವಾ?" ಎಂದ ಅವನು.

"ಎಂಥ ಶೆಟ್ರ ಮನೆ? ಇದು ನಾಟಕದ ಮನೆ," ಎಂದು ಗದರಿಸಿದೆ.

"ಹಾಗಲ್ಲ, ಚಾವಡಿಯ ಕಂಬ ನೋಡಿ."

ನೋಡಿದೆ. ಎಡಗಡೆ ದುಂಡು ಕಂಬ, ಬಲಗಡೆ ಚೌಕ ಕಂಬ. ಮಾಳಿಗೆಯ ಕಿಟಕಿಗೆ ಮೂರು ಹಳದಿ ಗಾಜು, ಒಂದು ಹಸಿರು ಗಾಜು. ಮೂರನೆಯ ಮೆಟ್ಟಿಲಿನ ಮೂಲೆ ಒಡೆದಿದೆ. ಇಡೀ ನಾರಾವಿಯಲ್ಲಿ ಹಾಗಿರುವ ಮನೆ ಒಂದೇ.

ನಮ್ಮ ಯುವಕ ಮಂಡಲದ ನಾಟಕಕ್ಕೆ ಪ್ರತಿ ವರ್ಷ ಮೂಡುಬಿದಿರೆಯಿಂದ ಪರದೆಗಳು ಬಾಡಿಗೆಗೆ ಬರುತ್ತಿದ್ದವು. ಒಂದು ಅರಮನೆ, ಒಂದು ಕಾಡು, ಒಂದು ಬೀದಿ. ಬಡವನ ಗುಡಿಸಲಿನ ದೃಶ್ಯಕ್ಕೂ ಕೆಲವೊಮ್ಮೆ ಅರಮನೆಯೇ ಇಳಿಯುತ್ತಿತ್ತು. ಯಾರೂ ಚಕಾರ ಎತ್ತುತ್ತಿರಲಿಲ್ಲ, ಏಕೆಂದರೆ ಆ ಅರಮನೆ ಯಾರದ್ದೂ ಅಲ್ಲ. ೧೯೯೮ರಲ್ಲಿ ಮಂಡಲಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ, ಈ ಸಲ ಸೆಟ್ ನಾವೇ ಮಾಡುವ ಎಂದು ಹೇಳಿದವಳು ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ನಾಟಕ ಬರೆದು ಮಕ್ಕಳಿಗೆ ಕಲಿಸಿದವನು ಫಯಾಝ್. ಮಿಜಾರಿನವನು, ನಮ್ಮ ಪೇಟೆಯಲ್ಲಿ ಅಂಗಡಿ ಇಟ್ಟು ಎರಡು ವರ್ಷವಾಗಿತ್ತಷ್ಟೆ. ತಾಯಿ ತೀರಿಕೊಂಡ ಮೇಲೆ ಅಣ್ಣನೊಬ್ಬ ತಂಗಿಯನ್ನು ಮನೆಯಿಂದ ಹೊರಗೆ ಹಾಕುವ ಕತೆ. ಅಂಥದ್ದೇ ಒಂದು ಕತೆ ನಮ್ಮೂರಿನಲ್ಲೂ ನಡೆದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಶೇಖರ ಶೆಟ್ಟರು ತಂಗಿ ಕಾಂತಿಯನ್ನು ಆ ಮೆಟ್ಟಿಲಿನಿಂದಲೇ ಇಳಿಸಿ ಕಳಿಸಿದ್ದರು. ಮನೆ ಹೆಣ್ಣುಮಕ್ಕಳ ಕಡೆಗೆ ಹೋಗುವ ಅವರ ಅಳಿಯಕಟ್ಟಿನ ಪದ್ಧತಿಯಲ್ಲಿ ಅದು ಅವಳಿಗೆ ಸೇರಬೇಕಿತ್ತು. ಶೆಟ್ಟರು ಯಾವುದೋ ಕಾಗದ ತೋರಿಸಿದರು, ಊರು ಸುಮ್ಮನಿತ್ತು. ನಾನೂ ಸುಮ್ಮನಿದ್ದೆ. ಕಾಂತಿ ನನ್ನ ಬಾಲ್ಯದ ಗೆಳತಿ. ಆಗ ಶಾಲೆಯ ಎದುರಿನ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಈ ಸೆಟ್ಟಿನ ಬಿಳಿ ಬಟ್ಟೆಯನ್ನು ಜೋಡಿಸಿ ಹೊಲಿದುಕೊಟ್ಟವಳೂ ಅವಳೇ.

ಗೊತ್ತಿದ್ದೂ ಬಿಡಿಸಿದೆಯಾ ಎಂದು ನೀವು ಕೇಳಬಹುದು. ಬೇಕೆಂದು ಬಿಡಿಸಲಿಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ ತುಂಡು ತುಂಡಾಗಿ ಬಣ್ಣ ಹಚ್ಚುವಾಗ ಇಡೀ ಮನೆ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡ ಮನೆ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಐದನೆಯ ಕ್ಲಾಸಿನಿಂದ ಹತ್ತನೆಯ ತನಕ ನನ್ನ ಶನಿವಾರಗಳೆಲ್ಲ ಆ ಮಾಳಿಗೆಯಲ್ಲಿ, ಕಾಂತಿಯ ಜೊತೆಯಲ್ಲಿ ಕಳೆದಿದ್ದವು.

ಆದರೆ ಇದನ್ನು ಶೆಟ್ಟರಿಗೆ ಹೇಳುವವರು ಯಾರು? ಅವತ್ತಿನ ಸಭೆಯ ಅಧ್ಯಕ್ಷರು ಅವರೇ, ಮುಂದಿನ ಸಾಲಿನ ನಡುವಿನ ಕುರ್ಚಿ ಅವರದ್ದು. ಜನರೇಟರ್ ಕೂಡ ಅವರದ್ದೇ. ಅವರು ಸಿಟ್ಟಿನಿಂದ ಎದ್ದು ಹೋದರೆ ಬೆಳಕೂ ಹೋಗುತ್ತದೆ. ಎರಡು ತಿಂಗಳಿಂದ ಮಾತು ಬಾಯಿಪಾಠ ಮಾಡಿದ ಹನ್ನೊಂದು ಮಕ್ಕಳು ಕತ್ತಲಲ್ಲಿ ನಿಲ್ಲಬೇಕು.

ವಿಷಯ ತಿಳಿದು ಫಯಾಝ್‌ನ ಮುಖ ಸಪ್ಪಗಾಯಿತು. "ಟೀಚರ್, ಕಂಬವನ್ನಾದರೂ ಬದಲಾಯಿಸುವ," ಎಂದ.

ಬ್ರಷ್ ಎತ್ತಿದೆ. ನಮ್ಮದು ಹುಡಿ ಬಣ್ಣ, ಮೈದಾದ ಅಂಟಿನಲ್ಲಿ ಕಲಸಿ ಹಚ್ಚಿದ್ದು. ಒದ್ದೆ ಬ್ರಷ್ ತಾಗಿದ ಕೂಡಲೇ ಅಡಿಯ ಬಣ್ಣವೂ ಎದ್ದು ಬಂತು. ದುಂಡು ಕಂಬವನ್ನು ಚೌಕ ಮಾಡಹೋದರೆ ಅದು ಕೊಳೆತ ಬಾಳೆದಿಂಡಿನ ಹಾಗಾಯಿತು. ಹಸಿರು ಗಾಜಿನ ಮೇಲೆ ಹಳದಿ ಹಚ್ಚಿದೆ, ಐದು ನಿಮಿಷಕ್ಕೆ ಹಸಿರು ಮತ್ತೆ ಇಣುಕಿತು. ಕಿಟಕಿಗೆ ಸೀರೆ ಒಣಗಲು ಹಾಕುವ ಎಂದು ಚನಿಯಪ್ಪ ಹೇಳಿದ. ಬಾಯಿ ಮುಚ್ಚು ಎಂದೆ. ನಿಜ ಹೇಳುವುದಾದರೆ ಅವನದ್ದು ನನ್ನ ಉಪಾಯಕ್ಕಿಂತ ಒಳ್ಳೆಯದೇ ಇತ್ತು. ಮೂಡುಬಿದಿರೆಗೆ ಫೋನ್ ಮಾಡಿದರೆ ಪರದೆಗಳು ಬೇರೆ ಕಡೆ ಹೋಗಿದ್ದವು. ಕೊನೆಗೆ ಕಂಬವನ್ನು ಪುನಃ ದುಂಡು ಮಾಡಲಿಕ್ಕೇ ನನಗೆ ಒಂದು ಗಂಟೆ ಬೇಕಾಯಿತು.

ಆರೂವರೆಗೆ ಶೆಟ್ಟರ ಜೀಪು ಬಂತು. ಅವರು ಸಭೆಗೆ ಮೊದಲೇ ರಂಗದ ಮುಂದೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಮೇಲಿನಿಂದ ಕೆಳಗಿನ ತನಕ ನೋಡಿದರು. ಫಯಾಝ್ ಸುಮ್ಮನೆ ನೆಲ ನೋಡುತ್ತಿದ್ದ.

"ಶಶಿಪ್ರಭಾ ಟೀಚರ್, ನಮ್ಮ ಮನೆಯನ್ನೇ ಬಿಡಿಸಿದ್ದೀರಿ ಅಲ್ವಾ?"

"ಅದು ಹಾಗೆ... ಬಂತು ಶೆಟ್ರೇ."

"ಭಾರೀ ಲಾಯ್ಕ ಆಗಿದೆ. ಒಡೆದ ಮೆಟ್ಲನ್ನೂ ಬಿಡಲಿಲ್ಲ ನೀವು," ಎಂದು ನಕ್ಕರು. "ಹಳೇ ಮನೆ ಅಂದ್ರೆ ಹೇಗಿರ್ತದೆ ಅಂತ ಈಗಿನ ಮಕ್ಕಳು ನೋಡ್ಲಿ." ಹೆಂಡತಿಯನ್ನು ಕರೆದು ತೋರಿಸಿದರು. ನನ್ನ ಎದೆಯ ಭಾರ ಇಳಿಯಿತು. ಹಿಂದೆ ಹೋಗಿ ಒಂದು ಚೆಂಬು ನೀರು ಕುಡಿದೆ.

ಆದರೆ ನಾಟಕ ಸುರುವಾದ ಮೇಲೆ ಭಯ ಮತ್ತೆ ಹಿಡಿಯಿತು. ಮನೆ ನೋಡಿ ಖುಷಿಪಟ್ಟವರು ಕತೆ ನೋಡಿ ಏನು ಮಾಡುತ್ತಾರೋ? ಪಕ್ಕದ ಪರದೆಯ ಸಂದಿಯಿಂದ ಅವರ ಮುಖವನ್ನೇ ನೋಡುತ್ತ ನಿಂತೆ. ರಂಗದಲ್ಲಿ ಅಣ್ಣ ತಂಗಿಯ ಟ್ರಂಕನ್ನು ಮೆಟ್ಟಿಲಿಗೆ ಎಸೆದು ಬಾಗಿಲು ಹಾಕಿಕೊಂಡ. ಶೇಖರ ಶೆಟ್ಟರು ಕಿಸೆಯಿಂದ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. "ಪಾಪ ಹುಡುಗಿ," ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಆಗ ಹಿಂದಿನಿಂದ ಯಾರೋ ನನ್ನ ಹೆಸರು ಕರೆದರು. ಕಾಂತಿ. ಹೆಂಗಸರ ಸಾಲಿನಿಂದ ಎದ್ದು, ರಂಗದ ಹಿಂಬದಿಗೆ ಬಂದಿದ್ದಳು.

"ಅಣ್ಣ ನೋಡಿದನಾ?"

"ನೋಡಿದರು."

"ಏನು ಹೇಳಿದ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಲಾಯ್ಕ ಆಗಿದೆ ಅಂದ್ರು."

ಅವಳು ತಲೆಯಾಡಿಸಿದಳು. "ಎಂಟು ವರ್ಷ ನಾನು ಆ ಮನೆಯ ಎದುರು ಹಾದು ಹೋಗ್ಲಿಲ್ಲ ಶಶೀ. ಬಸ್ಸಿಗೂ ಗದ್ದೆಯಲ್ಲಿ ಸುತ್ತು ಹಾಕಿ ಹೋಗ್ತೇನೆ. ನಿನಗೆ ಗೊತ್ತುಂಟು."

"ಬೇಕೆಂದು ಮಾಡಿದ್ದಲ್ಲ ಕಾಂತಿ. ಮೂರು ಗಂಟೆಗೆ ಗೊತ್ತಾದದ್ದು. ಅಳಿಸ್ಲಿಕ್ಕೆ ನೋಡಿದೆ, ಆಗ್ಲಿಲ್ಲ."

"ಮೂರು ಗಂಟೆಗೇ ಗೊತ್ತಾಯ್ತಾ?" ಅವಳ ದನಿ ಏರಲಿಲ್ಲ. "ನನ್ನ ಕೋಣೆ ಇಲ್ಲಿಂದ ನೂರು ಹೆಜ್ಜೆ. ಬಂದು ಒಂದು ಮಾತು ಹೇಳಿದ್ರೆ ನಾನು ಬರ್ತಿರ್ಲಿಲ್ಲ. ಊರವರೆಲ್ಲ ಒಮ್ಮೆ ಮನೆ ನೋಡಿದ್ರು, ಒಮ್ಮೆ ನನ್ನನ್ನು ನೋಡಿದ್ರು."

ಆ ಮಧ್ಯಾಹ್ನವಿಡೀ ಶೆಟ್ಟರಿಗಾಗಿ ಹೆದರಿದ್ದೆ, ಜನರೇಟರಿಗಾಗಿ ಹೆದರಿದ್ದೆ, ಮಕ್ಕಳಿಗಾಗಿ ಹೆದರಿದ್ದೆ. ಕಾಂತಿಯ ಮುಖ ಒಮ್ಮೆಯೂ ಕಣ್ಣೆದುರು ಬಂದಿರಲಿಲ್ಲ. ನಾಚಿಕೆಯಿಂದ ನಾನು ಅವಳ ಕೈ ಹಿಡಿಯಲೂ ಇಲ್ಲ.

ಅವಳು ಶಾಲೆಯ ಹಿಂದಿನ ಗೇಟಿನಿಂದ ಹೊರಟು ಹೋದಳು. ಗಾಳಿಗೆ ಸೆಟ್ ಅಲ್ಲಾಡುತ್ತಿದೆ, ಬಂದು ಹಿಡಿದುಕೊಳ್ಳಿ ಎಂದು ಫಯಾಝ್ ಕರೆದ. ನಾನು ಹೋಗಿ, ನಾಟಕ ಮುಗಿಯುವ ತನಕ ಆ ಮನೆಯನ್ನು ಹಿಂದಿನಿಂದ ಹಿಡಿದುಕೊಂಡು ನಿಂತೆ.