ಮೂಟೆ ತಿರುಗಿ ಹೊಡೆಯುವುದಿಲ್ಲ

ದುರ್ಗಾಂಬಿಕಾ ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಾಸ್ವೆಹಳ್ಳಿಯ ಅವಳ ಮನೆ ಬಾಗಿಲಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳೇ ಕ್ಷಮೆ ಕೇಳಿದಳು. ಹುಬ್ಬಿನ ಮೇಲೆ ಆರು ಹೊಲಿಗೆ, ಎಡಗಣ್ಣು ಊದಿ ಮುಚ್ಚಿತ್ತು.

“ನಿಮ್ಮ ಹೆಸರು ಕೆಡಿಸಿದೆ ಪೈಲ್ವಾನ್ರೇ. ನೀವು ಹೇಳಿಕೊಟ್ಟಂಗೆ ಮಾಡಾಕೆ ಬರಲಿಲ್ಲ.”

ಅವಳು ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಾಳೆ. ಸುತ್ತಲಿನ ಊರುಗಳಲ್ಲಿ ಅಂಥವರು ಹನ್ನೆರಡು ಜನ. ಬೆಳಗಿನ ಹೊತ್ತು ಒಬ್ಬೊಬ್ಬರೇ ಊರಾಚೆ ಹೋಗಬೇಕು, ಯಾರಾದರೂ ಅಡ್ಡಗಟ್ಟಿದರೆ ಏನು ಮಾಡೋದು ಅಂತ ನನ್ನ ಹತ್ತಿರ ಬಂದಿದ್ದರು. ಹೊನ್ನಾಳಿಯ ಗರಡಿಯಲ್ಲಿ ಮೂವತ್ತು ವರ್ಷ ಮಣ್ಣು ಹಚ್ಚಿಕೊಂಡವನು ನಾನು, ಈಗ ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಗಿರಣಿಯ ಅಂಗಳದಲ್ಲೇ ಭಾನುವಾರದ ಪಾಠ.

ಓಡಲು ದಾರಿಯಿದ್ದರೆ ಓಡಿ ಎಂದೆ. ಇಲ್ಲದಿದ್ದರೆ ಹಿಂದೆ ಸರಿಯಬೇಡಿ, ಒಳಗೆ ನುಗ್ಗಿ. ಬೀಸುವ ಕೈಗೆ ಬಲವಿರುವುದು ದೂರದಲ್ಲಿ. ಎದೆಗೆ ತಲೆಯಾನಿಸಿ, ಸೊಂಟ ತಬ್ಬಿ, ಬೆನ್ನ ಹಿಂದೆ ಕೈ ಬೆಸೆದರೆ ಹೊಡೆತಕ್ಕೆ ಜಾಗವೇ ಇರುವುದಿಲ್ಲ. ಬೂಸಾ ಮೂಟೆಯೊಂದನ್ನು ತೊಲೆಗೆ ನೇತುಹಾಕಿ ತಬ್ಬಿಸಿದೆ. ನಮ್ಮ ಮನೆಯವರಿಗಿಂತ ಇದೇ ವಾಸಿ, ಗೊರಕೆ ಹೊಡೆಯಲ್ಲ ಅಂತ ಅವರಲ್ಲೊಬ್ಬಳಾದ ಬೊಮ್ಮಕ್ಕ ಎಲ್ಲರನ್ನೂ ನಗಿಸಿದಳು.

ಆದರೆ ಮೂಟೆ ಹೊಡೆಯುವುದಿಲ್ಲ. ಗರಡಿಯಲ್ಲೂ ಯಾರೂ ಮುಖಕ್ಕೆ ಗುದ್ದುವುದಿಲ್ಲ, ಹಾಗಾಗಿ ನನಗೆ ಕೈ ಬಿಚ್ಚಿಕೊಂಡೇ ನುಗ್ಗುವ ಅಭ್ಯಾಸ. ಬೀದಿಯಲ್ಲಿ ಮೊದಲು ಎರಡೂ ಮುಂಗೈಗಳಿಂದ ಮುಖ ಮರೆಮಾಡಿಕೊಂಡು, ಗದ್ದ ಒತ್ತಿಕೊಂಡು, ಮೊಣಕೈ ಮುಂದೆ ಮಾಡಿ ಹೋಗಬೇಕು. ಇದು ಎರಡನೇ ಭಾನುವಾರವೇ ನೆನಪಾಗಿತ್ತು. ಹೇಳಿಕೊಡಬೇಕೆಂದರೆ ಯಾರಾದರೂ ಅವರ ಮೇಲೆ ಕೈ ಬೀಸಬೇಕು. ಅಣ್ಣಾ ಎನ್ನುವ ಹೆಣ್ಣುಮಕ್ಕಳ ಮುಖದತ್ತ ಕೈ ಎತ್ತಲು ನನಗೆ ನಾಚಿಕೆಯಾಯಿತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ತಿಂಗಳು ಕಳೆಯಿತು.

ಸೋಮವಾರ ಕುಡುಕನೊಬ್ಬ ದುರ್ಗಾಂಬಿಕಾಳ ಗಾಡಿ ನಿಲ್ಲಿಸಿ ಅವಳನ್ನು ಕೆಳಗೆಳೆದ. ಅವಳು ಕೈ ಬಿಚ್ಚಿಕೊಂಡು ನೇರ ನುಗ್ಗಿದಳು. ಮುಷ್ಟಿ ಹುಬ್ಬಿಗೆ ಬಿತ್ತು. ಆದರೂ ತಬ್ಬಿದವಳು ಹಾಲಿನ ವ್ಯಾನು ಬರುವವರೆಗೆ ಬಿಡಲಿಲ್ಲವಂತೆ. ಪಾಪ, ಸರಿಯಾಗಿ ಕಲಿತಿರಲಿಲ್ಲ ಅಂತ ಗಿರಣಿಗೆ ಬಂದವರೆಲ್ಲ ಅಂದರು. ನಾನು ತಲೆ ತಗ್ಗಿಸಿ ರಾಗಿ ಸುರಿಯುತ್ತಿದ್ದೆ. ಎರಡು ದಿನ ಹಾಗೇ ಕಳೆದು, ಇವತ್ತು ಅವಳ ಮನೆಗೆ ಬಂದಿದ್ದೆ.

“ತಪ್ಪು ನಿಂದಲ್ಲವ್ವ,” ಎಂದೆ. “ಮುಖ ಕಾಯ್ಕೊಂಡು ಹೋಗಬೇಕಿತ್ತು. ಅದನ್ನ ನಾನು ಹೇಳಿಕೊಡಲೇ ಇಲ್ಲ. ಗೊತ್ತಿತ್ತು, ಆದ್ರೂ ಹೇಳಲಿಲ್ಲ.”

ಅವಳು ಹೆಂಗೆ, ತೋರಿಸ್ರಿ ಎಂದಳು. ತೋರಿಸಿದೆ. ತಾನೂ ಮುಂಗೈಗಳನ್ನು ಎತ್ತಿ, ಅವುಗಳ ನಡುವಿನಿಂದ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು.

“ಇಷ್ಟೇನಾ?”

“ಇಷ್ಟೇ.”

ನಾನು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡೆ. ಅವಳ ದನಿ ಮಾತ್ರ ಗಟ್ಟಿಯಾಯಿತು.

“ಉಳಿದ ಹನ್ನೊಂದು ಜನಕ್ಕೆ ಹೇಳಿದ್ರಾ?”

ಭಾನುವಾರ ಹೇಳುತ್ತೇನೆ ಎಂದೆ.

“ನಾಳೆ ಬೆಳಗ್ಗೆ ಎಲ್ರೂ ಗಾಡಿ ತೆಗಿತಾರ್ರೀ. ನನ್ನ ಮುಂದೆ ಅತ್ತರೆ ಅವರಿಗೇನು ಬಂತು?” ತನ್ನ ಫೋನಿನಲ್ಲಿ ಬೊಮ್ಮಕ್ಕನ ನಂಬರು ಒತ್ತಿ ನನ್ನ ಕೈಗಿಟ್ಟಳು. “ಹೇಳ್ರಿ. ಯಾಕೆ ಹೇಳಿಕೊಟ್ಟಿರಲಿಲ್ಲ ಅನ್ನೋದನ್ನೂ ಸೇರಿಸಿ ಹೇಳ್ರಿ.”

ಬೊಮ್ಮಕ್ಕ ಎತ್ತಿದಳು. ಏನು ದುರ್ಗಾ, ಊಟ ಆಯ್ತಾ ಎಂದಳು.

“ನಾನು ತಿಪ್ಪೇಶ, ಬೊಮ್ಮಕ್ಕ,” ಎಂದೆ. “ಇವತ್ತು ಸಂಜೆ ಎಲ್ರನ್ನೂ ಗಿರಣಿಗೆ ಕರ್ಕೊಂಡು ಬಾರವ್ವ. ನಾನು ನಿಮಗೆ ಅರ್ಧ ಕಲಿಸಿ ಕಳಿಸೀನಿ.”