ದೋಣಿ ತಪ್ಪಿದ ಮಧ್ಯಾಹ್ನ

ಕೂಡ್ಲಿಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಏಕಾಂತಪ್ಪನಿಗೆ ಮೆಕ್ಕೆಜೋಳದ ಕಂಪನಿಯವರು ಬ್ಯಾಂಕಾಕಿಗೆ ಜೋಡಿ ಟಿಕೆಟ್ ಕೊಟ್ಟರು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಹೆಂಡತಿ ಸಮೇತ ಪ್ರವಾಸ ಕರೆದೊಯ್ಯುವುದು ಅವರ ವಾಡಿಕೆ. ಅವನ ಹೆಂಡತಿ ಕಲ್ಯಾಣಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಏಕಾಂತಪ್ಪ ಒಂದು ಟಿಕೆಟ್ ವಾಪಸ್ ಕಳಿಸಿ, ಅಂಗಡಿಗೆ ಬೀಗ ಜಡಿದು, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದ.

ಹರಪನಹಳ್ಳಿಯ ಅಳಿಯ ಅರುಣಕುಮಾರ್ ಮೊದಲೇ ಎಚ್ಚರಿಸಿದ್ದ. “ಮಾವಾರೆ, ನಿಮ್ಮ ಸಿಮ್ಮು ಅಲ್ಲಿ ನಡಿಯಲ್ಲ. ರೋಮಿಂಗ್ ಪ್ಯಾಕ್ ಹಾಕಿಸ್ಕೊಂಡು ಹೋಗ್ರಿ.”

“ನಾಕು ದಿನಕ್ಕ ಅದೆಲ್ಲ ಎದಕಪ್ಪ? ನನಗ್ಯಾರು ಫೋನ್ ಹಚ್ಚಬೇಕು?”

ಅದು ಸುಳ್ಳೇನಲ್ಲ. ಬಿತ್ತನೆಯ ಕಾಲದಲ್ಲಿ ಅವನ ಫೋನಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಈಗ ಮಾಘ ಮಾಸ. ಹಗಲೆಲ್ಲ ಅದು ಗಲ್ಲಾಪೆಟ್ಟಿಗೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

ಪ್ರವಾಸದ ಎರಡನೆಯ ದಿನ ಎಲ್ಲರನ್ನೂ ನದಿಯ ದೋಣಿಗೆ ಹತ್ತಿಸಿದರು. ಅವನನ್ನೂ ಸೇರಿಸಿ ಮೂವತ್ತೈದು ಜನ, ಎಲ್ಲರ ತಲೆಯ ಮೇಲೂ ಕಂಪನಿಯ ಹಳದಿ ಟೋಪಿ. ಗಂಡ ಹೆಂಡತಿ ಜೊತೆಜೊತೆಗೆ ಕೂತರು. ಏಕಾಂತಪ್ಪ ಹಿಂದಿನ ಸೀಟಿನಲ್ಲಿ ಗುಂಪಿಗೆ ಸೇರದ ಅಪರಿಚಿತರ ನಡುವೆ ಕೂತ. ದಡದ ಒಂದು ಕಟ್ಟೆಯಲ್ಲಿ ದೋಣಿ ನಿಂತಾಗ ಪಕ್ಕದವರೆಲ್ಲ ಎದ್ದರು, ಇವನೂ ಎದ್ದು ಇಳಿದ. ತಿರುಗಿ ನೋಡಿದರೆ ಹಳದಿ ಟೋಪಿಗಳನ್ನು ಹೊತ್ತುಕೊಂಡು ದೋಣಿ ನಡುನೀರಿಗೆ ಹೋಗಿತ್ತು. ಕೈ ಬೀಸಿದ, ಕೂಗಿದ. ಒಬ್ಬರೂ ಇತ್ತ ನೋಡಲಿಲ್ಲ.

ಜೇಬಿನಿಂದ ಫೋನ್ ತೆಗೆದು ಪ್ರವಾಸದ ಗೈಡಿನ ನಂಬರ್ ಒತ್ತಿದ. ಅದು ‘ಟುಂಯ್’ ಎಂದು ಸುಮ್ಮನಾಯಿತು. ಹೋಟೆಲಿನ ಹೆಸರು ಎಷ್ಟು ತಿಣುಕಿದರೂ ನಾಲಿಗೆಗೆ ಬರಲಿಲ್ಲ. ಬಂದೇ ಬರುತ್ತಾರೆ ಎಂದು ಕಟ್ಟೆಯ ಮೇಲೆ ಕೂತ. ದೋಣಿ ಬಂದಾಗಲೆಲ್ಲ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ನಾಲ್ಕು ದೋಣಿ ಬಂದು ಹೋದವು. ಐದನೆಯದಕ್ಕೆ ಅವನು ಏಳಲಿಲ್ಲ.

ಕಟ್ಟೆಯ ಬದಿಯಲ್ಲಿ ಎಳನೀರು ಮಾರುವ ಹೆಂಗಸೊಬ್ಬಳು ಆಗಿನಿಂದ ಅವನನ್ನೇ ನೋಡುತ್ತಿದ್ದಳು. ಏಕಾಂತಪ್ಪ ಅವಳೆದುರು ಫೋನ್ ಹಿಡಿದು, “ನಮ್ಮ ಮಂದಿ ನನ್ನ ಬಿಟ್ಟು ಹೋಗ್ಯಾರವ್ವ” ಎಂದ. ಅವಳಿಗೆ ಮಾತು ತಿಳಿಯಲಿಲ್ಲ, ಸಂಕಟ ತಿಳಿಯಿತು. ಫೋನ್ ಇಸಿದುಕೊಂಡು ಏನೇನೋ ಒತ್ತಿ, ತನ್ನ ಮೊಬೈಲಿನ ನೆಟ್ಟು ಅದಕ್ಕೆ ಕೊಟ್ಟಳು.

ಒಮ್ಮೆಲೇ ವಾಟ್ಸಾಪ್ ಟಿಣ್ ಟಿಣ್ ಎನ್ನತೊಡಗಿತು. ಹುಡುಕುತ್ತಿದ್ದಾರೆ ಎಂದು ಏಕಾಂತಪ್ಪನಿಗೆ ಜೀವ ಬಂದಂತಾಯಿತು. ತೆರೆದು ನೋಡಿದರೆ ಎಲ್ಲ ಪ್ರವಾಸದ ಗುಂಪಿನ ಫೋಟೋಗಳು. ಒಂದರಲ್ಲಿ ಎಲ್ಲರೂ ಯಾವುದೋ ಗುಡಿಯ ಮುಂದೆ ಸಾಲಾಗಿ ನಿಂತು ನಗುತ್ತಿದ್ದರು. ಕೆಳಗೆ ಹೂವಿನ ಚಿತ್ರಗಳು, ‘ಸೂಪರ್’ಗಳು. ಏಕಾಂತಪ್ಪ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಆ ಗುಂಪಿನಲ್ಲಿ ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಅಳಿಯನಿಗೆ ವಾಟ್ಸಾಪಿನಲ್ಲೇ ಕರೆ ಮಾಡಿ, ದೋಣಿ ತಪ್ಪಿದ್ದನ್ನೂ ಎಳನೀರಿನವಳು ನೆಟ್ಟು ಕೊಟ್ಟದ್ದನ್ನೂ ಹೇಳಿದ.

“ಗಾಬರಿಯಾಗಬ್ಯಾಡ್ರಿ ಮಾವಾರೆ,” ಎಂದ ಅರುಣಕುಮಾರ್. “ಗುಂಪಿನಾಗ ಹೋಟ್ಲಿನ ಅಡ್ರೆಸ್ ಹಾಕಿರ್ತಾರೆ, ಟ್ಯಾಕ್ಸಿಯವನಿಗೆ ತೋರಿಸ್ರಿ. ಆ ಯಮ್ಮನ ಹತ್ರದಿಂದ ಹೊರಟ್ರೆ ನೆಟ್ ಹೋಗ್ತತಿ, ಅದಕ್ಕೆ ಇಲ್ಲಿಂದ್ಲೇ ನಿಮ್ಮ ನಂಬರಿಗೆ ಪ್ಯಾಕ್ ಹಾಕ್ತೀನಿ. ನೀವು ಸೆಟ್ಟಿಂಗಿನಾಗ ರೋಮಿಂಗ್ ಆನ್ ಮಾಡ್ರಿ.”

ಹತ್ತು ನಿಮಿಷದಲ್ಲಿ ಫೋನಿನ ಮೂಲೆಯಲ್ಲಿ ಸಿಗ್ನಲಿನ ಕಡ್ಡಿಗಳು ಮೂಡಿದವು. ಎಳನೀರಿನವಳು ದುಡ್ಡು ಬೇಡವೆಂದು ಕೈಯಲ್ಲಾಡಿಸಿ, ತಾನೇ ಟ್ಯಾಕ್ಸಿ ನಿಲ್ಲಿಸಿಕೊಟ್ಟಳು.

ಹೋಟೆಲಿನ ಬಾಗಿಲಲ್ಲಿ ಹೂವಿನಹಡಗಲಿಯ ಅಂಗಡಿಕಾರ ಮೌನೇಶ್ ಎದುರಾದ. “ಏನ್ರಿ ಏಕಾಂತಪ್ಪಾರ, ಒಬ್ರೇ ಸಂತಿ ಮಾಡಾಕ ಹೋಗಿದ್ರೇನು?”

“ಹೂಂನ್ರಿ” ಎಂದು ಏಕಾಂತಪ್ಪ ಲಿಫ್ಟಿನ ಕಡೆ ನಡೆದ.

ಕೋಣೆಯಲ್ಲಿ ಬೂಟು ಬಿಚ್ಚುತ್ತಿದ್ದಾಗ ಫೋನ್ ರಿಂಗಾಯಿತು. ಗುಡೇಕೋಟೆಯ ಪಾಲಯ್ಯ, ಕುರಿ ಸಾಕಿಕೊಂಡಿರುವ, ಮಳೆಗಾಲದಲ್ಲಷ್ಟೇ ಬೀಜಕ್ಕೆ ಬರುವ ಗಿರಾಕಿ.

“ಸಾವ್ಕಾರ್ರ, ಆರಾಮ ಅದೀರಿಲ್ಲ?”

“ಅದೀನಿ ಪಾಲಯ್ಯ. ಬೀಜ ಏನರ ಬೇಕಾಗಿತ್ತೇನು?”

“ಈಗ್ಯಾವ ಬೀಜ್ರಿ, ಹೊಲ ಖಾಲಿ ಬಿದ್ದೈತಿ. ಸಂತಿಗೆ ಬಂದಿದ್ದೆ, ಅಂಗಡಿಗೆ ಬೀಗ ಇತ್ತು. ನೀವು ಎಂದೂ ಅಂಗಡಿ ಮುಚ್ಚಾರಲ್ಲ. ಮೈಯಾಗ ಹುಷಾರಿಲ್ಲೇನೋ ಅಂತ ನಿನ್ನಿಯಿಂದ ಹಚ್ಚಾಕತ್ತೀನಿ, ಹತ್ತವಲ್ದು.”

ಏಕಾಂತಪ್ಪ ಬಿಚ್ಚಿದ ಬೂಟನ್ನು ಬದಿಗಿಟ್ಟ. ಆಮೇಲೆ ತಾನು ಪರದೇಶದಲ್ಲಿರುವುದನ್ನು, ದೋಣಿ ತಪ್ಪಿದ್ದನ್ನು, ಫೋಟೋ ನೋಡಿದ್ದನ್ನು, ತನ್ನನ್ನು ಯಾರೂ ಕೇಳದೆ ಹೋದದ್ದನ್ನು, ಅಳಿಯನಿಗೂ ಹೇಳದೆ ಬಿಟ್ಟ ಬೇಸರವನ್ನೆಲ್ಲ ಹೇಳಿದ. ಪಾಲಯ್ಯ ನಡುವೆ ಬಾಯಿ ಹಾಕದೆ ಕೇಳಿದ.

“ಅಮ್ಮಾರು ಇದ್ದಿದ್ರ ಕೈ ಹಿಡಿದು ಕುಂದ್ರಿಸ್ತಿದ್ರು” ಎಂದ ಕೊನೆಗೆ. “ಮದ್ಲು ಉಣ್ಣಾಕ ಹೋಗ್ರಿ. ಕುರಿ ಬಂದ್ವು, ಫೋನ್ ಇಡ್ತೀನ್ರಿ.”

“ಇಡಬ್ಯಾಡ ಪಾಲಯ್ಯ. ಕುರಿ ದೊಡ್ಡಿಗೆ ಕೂಡೋತನ ಫೋನ್ ಹಂಗ ಚಾಲೂ ಇರಲಿ.”

ಯಾಕೆ ಎಂದು ಪಾಲಯ್ಯ ಕೇಳಲಿಲ್ಲ. ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟ ಸದ್ದು ಕೇಳಿತು. ಹಿಂದೆಯೇ ಕುರಿಗಳ ಕೂಗು, ಪಾಲಯ್ಯನ ಸಿಳ್ಳೆ, ದೂರದಲ್ಲಿ ಯಾರೋ ಹೆಂಗಸು ನಾಯಿಯನ್ನು ಬೈಯುವುದು. ಏಕಾಂತಪ್ಪ ಮಂಚದ ಅಂಚಿಗೆ ಕೂತು, ಕಿವಿಗೆ ಫೋನ್ ಒತ್ತಿಕೊಂಡು ಕೇಳಿದ. ಕುರಿಗಳೆಲ್ಲ ದೊಡ್ಡಿ ಸೇರಿದವೋ ಏನೋ, ಸದ್ದು ಕಡಿಮೆಯಾಗುತ್ತಾ ಬಂತು. ಪಾಲಯ್ಯನಿಗೆ ಜೇಬಿನ ಫೋನು ಮರೆತೇ ಹೋಗಿರಬೇಕು. ಇನ್ನೂ ಸ್ವಲ್ಪ ಹೊತ್ತಿಗೆ ಲೈನು ತಾನಾಗಿಯೇ ಕಟ್ಟಾಯಿತು.

ಏಕಾಂತಪ್ಪ ಮತ್ತೆ ಹಚ್ಚಲಿಲ್ಲ. ಮುಖ ತೊಳೆದುಕೊಂಡು, ಕೆಳಗೆ ಊಟಕ್ಕಿಳಿದ.