ಕಾರಿನ ಕೆಳಗಿನ ಹೆಸರು

ನುಗ್ಗೇಹಳ್ಳಿ ಬಸ್ ನಿಲ್ದಾಣದ ಕಲ್ಲುಬೆಂಚು, ದೇವಸ್ಥಾನದ ಟ್ಯೂಬ್‌ಲೈಟು, ಎಲ್ಲದರ ಮೇಲೂ ‘ದಿ. ಹುಚ್ಚಯ್ಯನವರ ಜ್ಞಾಪಕಾರ್ಥ’ ಎಂದು ಬರೆಸಿದವರು ಅವರ ಮಗ ದೇವರಾಜು. ಅದಕ್ಕೇ ನನ್ನ ರಿಮೋಟ್ ಕಾರಿನ ರೇಸಿಗೆ ಸ್ಪಾನ್ಸರ್ ಆಗಿ ಎಂದು ಕೇಳಲು ಚನ್ನರಾಯಪಟ್ಟಣದ ಅವರ ಕೊಬ್ಬರಿ ಮಂಡಿಗೆ ಹೋದೆ. ಹಾಸನದ ಅಂಗಡಿಯವರೆಲ್ಲ ಆಟದ ಸಾಮಾನೆಂದು ನಕ್ಕು ಕಳಿಸಿದ್ದರು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ದೇವರಾಜು ಮೊಳದುದ್ದದ ಕಾರನ್ನು ತಿರುಗಿಸಿ ನೋಡಿದರು. “ಅಪ್ಪನ ಎಸ್ರು ಮ್ಯಾಲೆ ಬರ್ಸವ್ವ.”

“ಓಡುವಾಗ ಯಾರಿಗೂ ಕಾಣಲ್ಲ ಸಾ. ಮಗುಚಿ ಬಿದ್ರೆ ಮಾತ್ರ ಎಲ್ರೂ ನೋಡ್ತಾರೆ, ಅದೂ ಕಾರಿನ ಅಡಿಭಾಗನ,” ಎಂದೆ ಒರಟಾಗಿ.

“ಅಂಗಾದ್ರೆ ಕೆಳಗೇ ಬರ್ಸು. ಟಯರು, ಬ್ಯಾಟ್ರಿ ನಂದು.”

ಸಾಲಗಾಮೆಯ ಬಯಲಿನಲ್ಲಿ ರೇಸು ನಡೆಯಿತು. ದೇವರಾಜು ಕೂಡ ಬಂದು, ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ನಿಂತಿದ್ದರು. ಮೊದಲ ದಿಬ್ಬದಲ್ಲೇ ನನ್ನ ಕಾರು ಹಾರಿ ಮಗುಚಿ ಬಿತ್ತು. ಜನ ಹೆಸರನ್ನು ಗಟ್ಟಿಯಾಗಿ ಓದಿ ನಗತೊಡಗಿದರು. ನನ್ನ ಮೈಯೆಲ್ಲ ಉರಿಯಿತು. ಹೆಸರು ಕಂಡಿತೆಂದು ದೇವರಾಜು ಹಿಗ್ಗುತ್ತಿರಬೇಕು ಅಂದುಕೊಂಡು ತಿರುಗಿದರೆ, ಅವರು ಪಂಚೆ ಎತ್ತಿಕಟ್ಟಿ ಹಗ್ಗ ದಾಟಿ ಓಡುತ್ತಿದ್ದರು. ಕಾರನ್ನು ಎತ್ತಿ ಚಕ್ರಗಳ ಮೇಲೆ ನಿಲ್ಲಿಸಿದರು.

“ನೋಡ್ಕಂಡ್ ನಿಂತ್ಕಬ್ಯಾಡ, ಓಡ್ಸವ್ವ!”

ಅಪ್ಪನ ಹೆಸರನ್ನು ಅವರು ತಮ್ಮ ಕೈಯಾರೆ ಮಣ್ಣಿನ ಕಡೆಗೆ ತಿರುಗಿಸಿದ್ದರು.